ಆಗಿನ ಮಾರಿಯೋ ಈಗ ಯಾಕೆ ಸಪ್ಪೆ?

ಪ್ರಶ್ನೆ: ನಾನು ಚಿಕ್ಕಮಗಳೂರಿನವಳು, ವಯಸ್ಸು 40. 1996ರ ಸುಮಾರಿಗೆ ಆಲ್ದೂರಿನ ಹತ್ತಿರ ಅಜ್ಜನ ಮನೆಯಲ್ಲಿ ಚಿಕ್ಕಪ್ಪನ ಮಕ್ಕಳ ಜೊತೆ ಟಿವಿಗೆ ವಿಡಿಯೋ ಗೇಮ್ ಹಾಕಿಕೊಂಡು ಮಾರಿಯೋ ಆಡುತ್ತಿದ್ದೆ. ಜೋರು ಮಳೆ ಬಂದು ಶಾಲೆಗೆ ರಜೆ ಕೊಟ್ಟರೆ ನಮಗೆ ಅದೇ ಹಬ್ಬ. ಅಣ್ಣಂದಿರು ಒಂದನೇ ಪ್ಲೇಯರ್, ನಾನು ಯಾವಾಗಲೂ ಎರಡನೇ ಪ್ಲೇಯರ್, ಅಂದರೆ ಹಸಿರು ಮಾರಿಯೋ. ಈ ದಸರಾ ರಜೆಯಲ್ಲಿ ಮಗನಿಗೆ ತೋರಿಸೋಣ ಅಂತ ಟಿವಿಗೆ ಸಿಕ್ಕಿಸುವ ಗೇಮ್ ಸ್ಟಿಕ್ ತರಿಸಿದೆ. ಅಲ್ಲಲ್ಲಿ ಸೇವ್ ಮಾಡಿಕೊಳ್ಳುತ್ತ ಎರಡೇ ಸಂಜೆಯಲ್ಲಿ ಕೊನೆಯವರೆಗೂ ಆಡಿ ಮುಗಿಸಿದೆ. ನಿಜ ಹೇಳಬೇಕೆಂದರೆ ಬೇಜಾರಾಯಿತು. ಮಾರಿಯೋ ಜಾರುತ್ತಾನೆ, ಹಾರು ಅಂದಾಗ ಹಾರುವುದಿಲ್ಲ. ಹಾಡು ಕೂಡ ಏನೋ ಅವಸರದಲ್ಲಿ ಓಡಿದ ಹಾಗಿದೆ. ಮುಂದಿನ ಸ್ಟೇಜುಗಳೆಲ್ಲ ಒಂದೇ ಥರ. ಹನ್ನೊಂದು ವರ್ಷದ ಮಗ ಹತ್ತು ನಿಮಿಷ ಆಡಿ, "ಅಮ್ಮಾ, ಇದು ಹಿಂದಕ್ಕೇ ಹೋಗಲ್ವಾ?" ಅಂತ ಕೇಳಿ ಎದ್ದು ಹೋದ. ಆಟವೇ ಅಷ್ಟಕ್ಕಷ್ಟೇನಾ, ಅಥವಾ ನನ್ನ ನೆನಪೇ ಸುಳ್ಳಾ? ಹಳೆಯ ಸೆಟ್ ಇನ್ನೂ ಅಟ್ಟದ ಮೇಲಿದೆ. ಅದನ್ನು ಹಾಕಿ ನೋಡಬಹುದಾ?

ಉತ್ತರ: ನಿಮ್ಮ ಪತ್ರದ ಒಂದು ಸಾಲನ್ನು ಎರಡೆರಡು ಸಲ ಓದಿದೆ. ಹಾಡು ಅವಸರದಲ್ಲಿ ಓಡಿದ ಹಾಗಿದೆ ಅಂದಿದ್ದೀರಲ್ಲ, ಆ ಸಾಲು. ನೀವು ಅದನ್ನು ಸುಮ್ನೆ ಬರೆದಿರಬಹುದು. ಆದರೆ ಇಡೀ ಪತ್ರದಲ್ಲಿ ಗಟ್ಟಿ ಸಾಕ್ಷಿ ಅಂದರೆ ಅದೇ. ನಿಮ್ಮ ಕಿವಿ ಸರಿಯಾಗಿಯೇ ಕೇಳಿದೆ. ಹಾಡು ನಿಜಕ್ಕೂ ಬೇಗ ಓಡುತ್ತಿದೆ. ಮಾರಿಯೋ ಕೂಡ ಅಷ್ಟೇ. ಅಜ್ಜನ ಮನೆಯ ಟಿವಿಯಲ್ಲಿ ಅವನು ಓಡುತ್ತಿದ್ದ ವೇಗಕ್ಕೆ ಇನ್ನೂ ಐದರಲ್ಲೊಂದು ಪಾಲು ಸೇರಿಸಿ, ಈಗಿನದು ಆ ವೇಗ.

ಇಂಥ ಪ್ರಶ್ನೆಗೆ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ. ಚಿಕ್ಕಂದಿನದೆಲ್ಲ ಚೆನ್ನಾಗೇ ಕಾಣುತ್ತದೆ, ನೆನಪು ಬಣ್ಣ ಹಚ್ಚುತ್ತದೆ, ಬಿಟ್ಟುಬಿಡಿ ಅನ್ನುತ್ತಾರೆ. ನನಗೆ ಆ ಉತ್ತರ ಅಷ್ಟು ಹಿಡಿಸುವುದಿಲ್ಲ. ನಾನು ಹಾಸನದಲ್ಲಿ ಟಿವಿ, ವಿಡಿಯೋ ಗೇಮ್ ರಿಪೇರಿ ಮಾಡುತ್ತಲೇ ಬೆಳೆದವನು. ನಡುವೆ ಹತ್ತು ವರ್ಷ ಬೆಂಗಳೂರಿನಲ್ಲಿ ಗೇಮ್ ಟೆಸ್ಟಿಂಗ್ ಕೆಲಸ ಮಾಡಿದೆ. ಈಗ ಮತ್ತೆ ಹಾಸನದಲ್ಲೇ ಹಳೆಯ ಸೆಟ್‌ಗಳನ್ನು ಬಿಚ್ಚಿಕೊಂಡು ಕೂತಿದ್ದೇನೆ. ಟೆಸ್ಟಿಂಗ್ ಕೆಲಸದಲ್ಲಿ ನಾವು ಒಂದು ರೂಢಿ ಇಟ್ಟುಕೊಂಡಿದ್ದೆವು. ಆಡಿದವರು ಏನೋ ಸರಿ ಇಲ್ಲ ಅಂದರೆ, ಅವರನ್ನು ಅನುಮಾನಿಸುವ ಮೊದಲು ಯಂತ್ರವನ್ನು ಅನುಮಾನಿಸುತ್ತಿದ್ದೆವು. ಹಾಗಾಗಿ ಯಂತ್ರದಿಂದಲೇ ಶುರು ಮಾಡುತ್ತೇನೆ.

ಸೂಪರ್ ಮಾರಿಯೋ ಬ್ರದರ್ಸ್ ಬಂದದ್ದು 1985ರ ಸೆಪ್ಟೆಂಬರ್‌ನಲ್ಲಿ, ಜಪಾನಿನಲ್ಲಿ, ನಿಂಟೆಂಡೊ ಕಂಪನಿಯ ಫ್ಯಾಮಿಕಾಮ್ ಅನ್ನುವ ಯಂತ್ರಕ್ಕೆ. ಜಪಾನ್ ಮತ್ತು ಅಮೆರಿಕದ ಟಿವಿಗಳು ಸೆಕೆಂಡಿಗೆ 60 ಸಲ ಪರದೆಯ ಮೇಲೆ ಚಿತ್ರ ಬರೆಯುತ್ತಿದ್ದವು. ನಮ್ಮ ದೇಶದ್ದು ಪಾಲ್ ಪದ್ಧತಿ. ಇಲ್ಲಿ ಸೆಕೆಂಡಿಗೆ 50. ಆ ಕಾಲದ ಆಟಗಳಿಗೆ ಬೇರೆ ಗಡಿಯಾರ ಇರುತ್ತಿರಲಿಲ್ಲ. ಪರದೆಯೇ ಗಡಿಯಾರ. ಒಂದು ಸಲ ಚಿತ್ರ ಬರೆದಾಗ ಮಾರಿಯೋ ಒಂದು ಹೆಜ್ಜೆ ಹಾಕುತ್ತಾನೆ, ಆಮೆ ಒಂದು ಹೆಜ್ಜೆ ಹಾಕುತ್ತದೆ, ಹಾಡು ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಪರದೆ ನಿಧಾನವಾದರೆ ಅದರ ಒಳಗಿನ ಲೋಕವೆಲ್ಲ ನಿಧಾನ.

ಯುರೋಪಿನ ಟಿವಿಗಳೂ ನಮ್ಮ ಹಾಗೆ 50ರವೇ. ಅಲ್ಲಿಗೆ ಕಳಿಸಿದ ಪ್ರತಿಯಲ್ಲಿ ನಿಂಟೆಂಡೊದವರು ಮಾರಿಯೋನ ವೇಗವನ್ನು ಸರಿಪಡಿಸಿ ಕಳಿಸಿದರು. ನಮ್ಮ ಕೈಗೆ ಬಂದದ್ದು ಆ ಪ್ರತಿ ಅಲ್ಲ. ನಮ್ಮೂರುಗಳಲ್ಲಿ ಮಾರಾಟವಾದ ಸೆಟ್‌ಗಳಲ್ಲಿ ಹೆಚ್ಚಿನವು ಫ್ಯಾಮಿಕಾಮ್‌ನ ನಕಲುಗಳು. ಕ್ಯಾಸೆಟ್ಟಿನೊಳಗೆ 60ಕ್ಕೆ ಅಂತ ಬರೆದ ಆಟ, ಹೊರಗೆ 50ರ ಟಿವಿ. ಹೀಗಾಗಿ ಒಂದಿಡೀ ತಲೆಮಾರಿನ ಮಕ್ಕಳು ಇಲ್ಲಿ ನಿಧಾನದ ಮಾರಿಯೋ ಆಡಿ ಬೆಳೆದರು, ಅದೇ ಅಸಲಿ ಅಂದುಕೊಂಡರು. ಹಾಡಿನ ವಿಷಯದಲ್ಲಿ ಇನ್ನೂ ಒಂದು ತಮಾಷೆ ಇದೆ. ಈ ನಕಲು ಸೆಟ್‌ಗಳ ಪ್ರಾಸೆಸರ್ ವೇಗ ಅಸಲಿಗೆ ತೀರ ಹತ್ತಿರ ಇತ್ತು. ಆದ್ದರಿಂದ ಸ್ವರ ಬದಲಾಗಲಿಲ್ಲ, ಹಾಡುವ ವೇಗ ಮಾತ್ರ ಇಳಿಯಿತು. ಶ್ರುತಿ ಅದೇ, ಕಾಲ ಮಾತ್ರ ವಿಳಂಬ. ಕೋಜಿ ಕೊಂಡೊ ಕಟ್ಟಿದ ಆ ಹಾಡನ್ನು ನೀವು ಕೇಳಿದ್ದೇ ಹಾಗೆ. ಈಗ ಅಸಲಿ ವೇಗದಲ್ಲಿ ಕೇಳಿ ಅವಸರ ಅನ್ನುತ್ತಿದ್ದೀರಿ. ಜಪಾನಿನವರು ನಿಮ್ಮ ಅಜ್ಜನ ಮನೆಯ ಹಾಡು ಕೇಳಿದ್ದರೆ ಇದೇನು ತೂಕಡಿಸುತ್ತಿದೆಯಲ್ಲ ಅನ್ನುತ್ತಿದ್ದರೇನೋ.

ನನ್ನ ಮಾತನ್ನು ಹಾಗೇ ನಂಬಬೇಡಿ, ಅಳೆದು ನೋಡಿ. 1-1, ಅಂದರೆ ಮೊದಲ ಲೋಕದ ಮೊದಲ ಸ್ಟೇಜ್ ಶುರು ಮಾಡಿ ಏನೂ ಒತ್ತದೆ ಸುಮ್ಮನೆ ನಿಲ್ಲಿಸಿ. ಮೇಲಿನ ಮೂಲೆಯಲ್ಲಿ ಟೈಮ್ 400 ಅಂತ ಇರುತ್ತದೆ. ಅದು 300ಕ್ಕೆ ಇಳಿಯುವವರೆಗೆ ಫೋನಿನಲ್ಲಿ ಸ್ಟಾಪ್‌ವಾಚ್ ಹಿಡಿಯಿರಿ. ಪರದೆ ಒಂದು ಸಲ ಚಿತ್ರ ಬರೆದರೆ ಅದು ಒಂದು ಫ್ರೇಮ್. ಆಟದಲ್ಲಿ ಪ್ರತಿ 24 ಫ್ರೇಮಿಗೆ ಒಂದು ಅಂಕ ಇಳಿಯುತ್ತದೆ. ಸುಮಾರು 40 ಸೆಕೆಂಡು ಬಂದರೆ ನಿಮ್ಮದು 60ರಲ್ಲಿ ಓಡುತ್ತಿದೆ. 48 ಬಂದರೆ 50ರಲ್ಲಿ. ನಿಮ್ಮ ಗೇಮ್ ಸ್ಟಿಕ್‌ನಲ್ಲಿ 40 ಬರುತ್ತದೆ ಅಂತ ನನ್ನ ಊಹೆ. ನಾನು ಇದನ್ನು ಅಂಗಡಿಯಲ್ಲಿ ಎರಡು ಟಿವಿ ಪಕ್ಕಪಕ್ಕ ಇಟ್ಟು ನೋಡಿದ್ದೇನೆ. ಒಂದರಲ್ಲಿ ಜಪಾನಿನ ಅಸಲಿ ಸೆಟ್, ಇನ್ನೊಂದರಲ್ಲಿ ಇಲ್ಲಿನ ನಕಲು. ಒಂದೇ ಕ್ಷಣಕ್ಕೆ ಎರಡನ್ನೂ ಶುರು ಮಾಡಿದರೆ ಅರ್ಧ ನಿಮಿಷದಲ್ಲಿ ಒಂದು ಹಾಡು ಇನ್ನೊಂದನ್ನು ಬಿಟ್ಟು ಎಷ್ಟೋ ದೂರ ಹೋಗಿರುತ್ತದೆ.

ಇದು ಕೈಗೆ ಹೇಗೆ ತಟ್ಟುತ್ತದೆ ನೋಡಿ. ಮಾರಿಯೋ ಜೋರಾಗಿ ಓಡುವಾಗ ಒಂದು ಫ್ರೇಮಿಗೆ ಎರಡೂವರೆ ಚುಕ್ಕಿ ಮುಂದೆ ಹೋಗುತ್ತಾನೆ. ಪರದೆಯ ಅಗಲ 256 ಚುಕ್ಕಿ. 60ರಲ್ಲಿ ಅಷ್ಟು ದೂರವನ್ನು 1.7 ಸೆಕೆಂಡಿನಲ್ಲಿ ದಾಟುತ್ತಾನೆ, 50ರಲ್ಲಿ ಎರಡು ಸೆಕೆಂಡಿಗಿಂತ ಸ್ವಲ್ಪ ಮೇಲೆ ಬೇಕು. ಎದುರಿಗೆ ಗುಂಡಿ ಕಂಡ ಮೇಲೆ ಬೆರಳು ಒತ್ತಲು ಸಿಗುವ ಸಮಯದಲ್ಲಿ ಇದು ದೊಡ್ಡ ವ್ಯತ್ಯಾಸ. ಹತ್ತನೇ ವಯಸ್ಸಿನಲ್ಲಿ ನಿಮ್ಮ ಹೆಬ್ಬೆರಳು ಕಲಿತದ್ದು ಆ ನಿಧಾನದ ಲೆಕ್ಕ. ಸೈಕಲ್ ಮರೆಯುವುದಿಲ್ಲ ಅನ್ನುತ್ತಾರಲ್ಲ, ಹೆಬ್ಬೆರಳೂ ಮರೆತಿಲ್ಲ. ಆದರೆ ಈಗ ಸೈಕಲ್ಲಿನ ಪೆಡಲ್ಲೇ ಬೇರೆ.

ಟಿವಿಯ ಮಾತು ಬಂದದ್ದಕ್ಕೆ ಒಂದು ಅಡ್ಡ ಮಾತು. ದೇಶದ ಮೂಲೆಮೂಲೆಗೆ ಟಿವಿ ಮುಟ್ಟಿಸಿದ ಇನ್ಸಾಟ್ ಉಪಗ್ರಹಗಳ ಹಿಡಿತ ಇರುವುದು ಹಾಸನದಲ್ಲೇ. ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಇಲ್ಲಿ 1982ರಲ್ಲಿ ಶುರುವಾಯಿತು. ಹೀಗಿದ್ದೂ ನಮ್ಮ ಮನೆಯ ಕಪ್ಪುಬಿಳುಪು ಟಿವಿಯಲ್ಲಿ ಮಾರಿಯೋ ಅಣಬೆ ತಿಂದನೋ ಕಲ್ಲು ತಿಂದನೋ ಗೊತ್ತಾಗುತ್ತಿರಲಿಲ್ಲ.

ಇನ್ನು "ಹಾರು ಅಂದಾಗ ಹಾರುವುದಿಲ್ಲ" ಅನ್ನುವ ದೂರು. ಇದರಲ್ಲಿ ಎರಡು ಸಂಗತಿ ಕಲಸಿಕೊಂಡಿವೆ. ಒಂದು, ನಿಮ್ಮ ಹೊಸ ಟಿವಿ. ಹಳೆಯ ಟ್ಯೂಬ್ ಟಿವಿ ಬಂದ ಚಿತ್ರವನ್ನು ಬಂದ ಹಾಗೇ ತೋರಿಸುತ್ತಿತ್ತು. ಈಗಿನ ಎಲ್‌ಇಡಿ ಟಿವಿ ಬಂದ ಚಿತ್ರವನ್ನು ಒಂದಷ್ಟು ಹೊತ್ತು ಇಟ್ಟುಕೊಂಡು, ಹಿಗ್ಗಿಸಿ, ನಯ ಮಾಡಿ, ಆಮೇಲೆ ತೋರಿಸುತ್ತದೆ. ಸಿನಿಮಾ ನೋಡುವಾಗ ಇದು ಗೊತ್ತಾಗುವುದಿಲ್ಲ. ಆಟದಲ್ಲಿ ಮಾತ್ರ ಕಾಟ. ವೈರ್ ಇಲ್ಲದ ಅಗ್ಗದ ಜಾಯ್‌ಸ್ಟಿಕ್ ತನ್ನ ಪಾಲಿನ ತಡವನ್ನೂ ಸೇರಿಸುತ್ತದೆ. ಎಲ್ಲ ಸೇರಿ ನಾಲ್ಕೇ ನಾಲ್ಕು ಫ್ರೇಮ್ ತಡ ಆಯಿತು ಅಂತಿಟ್ಟುಕೊಳ್ಳಿ, ಅಂದರೆ ಸೆಕೆಂಡಿನ ಹದಿನೈದನೇ ಒಂದು ಪಾಲು. ಅಷ್ಟರಲ್ಲಿ ಓಡುವ ಮಾರಿಯೋ ಹತ್ತು ಚುಕ್ಕಿ ಮುಂದೆ ಹೋಗಿರುತ್ತಾನೆ. ಒಂದು ಇಟ್ಟಿಗೆಯ ಅಗಲ 16 ಚುಕ್ಕಿ. ಅರ್ಧ ಇಟ್ಟಿಗೆಗಿಂತ ಜಾಸ್ತಿ! ಅಂಚಿನಲ್ಲಿ ಹಾರಲು ಹೋದವನು ಗುಂಡಿಗೆ ಬೀಳದೆ ಇನ್ನೇನು ಮಾಡುತ್ತಾನೆ? ತಪ್ಪು ನಿಮ್ಮದೂ ಅಲ್ಲ, ಅವನದೂ ಅಲ್ಲ. ಟಿವಿಯ ಸೆಟ್ಟಿಂಗ್‌ನಲ್ಲಿ ಗೇಮ್ ಮೋಡ್ ಅಂತ ಇರುತ್ತದೆ, ಅದನ್ನು ಹಾಕಿ. ಅರ್ಧ ಸಿಟ್ಟು ಅಲ್ಲೇ ಇಳಿಯುತ್ತದೆ.

ಎರಡನೆಯದು ಜಾರುವುದು. ಅದು ಯಂತ್ರದ ತಪ್ಪಲ್ಲ, ಆಟವನ್ನು ಕಟ್ಟಿದ್ದೇ ಹಾಗೆ. ಶಿಗೆರು ಮಿಯಾಮೊಟೊ ಮತ್ತು ತಕಾಶಿ ತೆಜುಕಾ ಈ ಆಟದಲ್ಲಿ ಮಾರಿಯೋನಿಗೆ ಮೈಭಾರ ಕೊಟ್ಟರು. ಅವನು ತಟ್ಟನೆ ಓಡುವುದಿಲ್ಲ, ತಟ್ಟನೆ ನಿಲ್ಲುವುದೂ ಇಲ್ಲ. ಬಟನ್ ಒತ್ತಿ ಹಿಡಿದಷ್ಟೂ ಮೇಲೆ ಹೋಗುತ್ತಾನೆ, ಬೇಗ ಬಿಟ್ಟರೆ ಬೇಗ ಇಳಿಯುತ್ತಾನೆ. ಓಡಿಬಂದು ಹಾರಿದರೆ ಇನ್ನೂ ಎತ್ತರ. ಗಾಳಿಯಲ್ಲಿದ್ದಾಗಲೂ ಸ್ವಲ್ಪ ಎಡಕ್ಕೆ ಬಲಕ್ಕೆ ಎಳೆದುಕೊಳ್ಳಬಹುದು. 1985ರಲ್ಲಿ ಇಷ್ಟು ಹಿಡಿತ ಕೊಟ್ಟ ಆಟ ಅಪರೂಪ, ಅದಕ್ಕೇ ಜನ ಹುಚ್ಚಾದರು. ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳದಲ್ಲಿ ಓಡಿದ್ದೀರಲ್ಲ, ಹಾಗೆ. ಅಂಗಳ ಗೊತ್ತಿದ್ದವರಿಗೆ ಜಾರುವುದೇ ಒಂದು ಆಟ, ಹೊಸಬರಿಗೆ ಸೊಂಟ ಮುರಿಯುತ್ತದೆ.

ಆದರೆ ಅಲ್ಲಿಂದೀಚೆಗೆ ಈ ಜಾತಿಯ ಆಟಗಳು ನಮ್ಮನ್ನು ಮುದ್ದು ಮಾಡಿ ಬೆಳೆಸಿವೆ. 2018ರ ಸೆಲೆಸ್ಟ್ ಅನ್ನುವ ಆಟ ನೋಡಿ. ಬಹಳ ಕಷ್ಟದ ಆಟ ಅಂತ ಹೆಸರು. ಆದರೆ ಒಳಗೊಳಗೇ ಆಡುವವರ ಕೈ ಹಿಡಿಯುತ್ತದೆ. ಅಂಚು ದಾಟಿ ಕಾಲು ಗಾಳಿಗೆ ಬಂದ ಮೇಲೂ ಕೆಲವು ಫ್ರೇಮುಗಳ ತನಕ ಹಾರಲು ಬಿಡುತ್ತದೆ. ನೆಲ ಮುಟ್ಟುವುದಕ್ಕೆ ಸ್ವಲ್ಪ ಮೊದಲೇ ಒತ್ತಿದ್ದರೆ ಅದನ್ನು ನೆನಪಿಟ್ಟುಕೊಂಡು, ಮುಟ್ಟಿದ ಕೂಡಲೇ ಹಾರಿಸುತ್ತದೆ. ಹಳೆಯ ಮಾರಿಯೋದಲ್ಲಿ ಈ ಎರಡೂ ಇಲ್ಲ. ಒಂದು ಫ್ರೇಮ್ ತಡವಾದರೂ ಸತ್ತ ಹಾಗೇ. ಫೋನಿನಲ್ಲಿ ಇಂಥ ಆಟಗಳನ್ನು ಆಡಿ ಬೆಳೆದ ನಿಮ್ಮ ಮಗನಿಗೆ ಆ ಒರಟುತನ ಒಂದೇ ನಿಮಿಷದಲ್ಲಿ ಕೈಗೆ ಗೊತ್ತಾಗಿರುತ್ತದೆ, ಹೇಳಲು ಬಾಯಿಗೆ ಬಂದಿರುವುದಿಲ್ಲ.

ಇಲ್ಲಿಯವರೆಗೆ ಯಂತ್ರದ ಕಥೆ ಆಯಿತು. ಇಷ್ಟಕ್ಕೇ ನಿಲ್ಲಿಸಿದರೆ ನಿಮಗೆ ಸಮಾಧಾನ ಆದೀತು, ಆದರೆ ಪೂರ್ತಿ ಸತ್ಯ ಹೇಳಿದ ಹಾಗಾಗುವುದಿಲ್ಲ. "ಮುಂದಿನ ಸ್ಟೇಜುಗಳೆಲ್ಲ ಒಂದೇ ಥರ" ಅಂದಿದ್ದೀರಿ. ಅದೂ ನಿಜವೇ. ಅದಕ್ಕೆ ಟಿವಿಯನ್ನು ದೂರುವ ಹಾಗಿಲ್ಲ.

ಈ ಆಟದಲ್ಲಿ ಎಂಟು ಲೋಕ, ಒಂದೊಂದರಲ್ಲಿ ನಾಲ್ಕು ಸ್ಟೇಜ್, ಒಟ್ಟು 32. ಇದಿಷ್ಟನ್ನೂ ತುಂಬಿದ್ದು 40 ಕಿಲೋಬೈಟ್‌ನಲ್ಲಿ. ನಿಮ್ಮ ಫೋನಿನಲ್ಲಿ ತೆಗೆದ ಒಂದು ಫೋಟೋದ ಜಾಗದಲ್ಲಿ ಇಂಥ ಐವತ್ತು ಆಟ ಹಿಡಿಸುತ್ತವೆ. ಹಾಗಾಗಿ ಅವರು ಎಲ್ಲದರಲ್ಲೂ ಜುಗ್ಗತನ ಮಾಡಿದರು. ಮೇಲಿನ ಮೋಡ, ಕೆಳಗಿನ ಪೊದೆ ಎರಡೂ ಒಂದೇ ಚಿತ್ರ. ಬಿಳಿ ಬಳಿದರೆ ಮೋಡ, ಹಸಿರು ಬಳಿದರೆ ಪೊದೆ. ಇದು ಗೊತ್ತಾದ ದಿನ ನನಗೆ ಬೇಜಾರಾಗಲಿಲ್ಲ, ಭಲೇ ಅನ್ನಿಸಿತು. ಆದರೆ ಇದೇ ಜುಗ್ಗತನ ಸ್ಟೇಜುಗಳಿಗೂ ಬಂದಾಗ ಭಲೇ ಅನ್ನಲು ಮನಸ್ಸು ಬರುವುದಿಲ್ಲ. 5-3 ಅನ್ನುವುದು 1-3ರದೇ ನಕಲು, ಸ್ವಲ್ಪ ಕಷ್ಟ ಮಾಡಿದ್ದಾರೆ ಅಷ್ಟೇ. 5-4 ಅಂದರೆ 2-4. 6-4 ಅಂದರೆ 1-4. 7-2, 7-3 ಎರಡೂ ಎರಡನೇ ಲೋಕದಲ್ಲಿ ಆಡಿ ಮುಗಿಸಿದ್ದವೇ. 32ರಲ್ಲಿ ಐದು ಹೀಗೆ ಹಳೆಯವು. ಇನ್ನು 4-4, 7-4ರ ಕೋಟೆಗಳಲ್ಲಿ ಸರಿದಾರಿ ಯಾವುದು ಅಂತ ಒಂದು ಸುಳಿವೂ ಕೊಡುವುದಿಲ್ಲ. ತಪ್ಪು ದಾರಿ ಹಿಡಿದರೆ ಅದೇ ಗೋಡೆ, ಅದೇ ಬೆಂಕಿ ಮತ್ತೆ ಮತ್ತೆ ಬರುತ್ತವೆ. ಕಟ್ಟಕಡೆಯದೊಂದನ್ನು ಬಿಟ್ಟರೆ ಪ್ರತಿ ಕೋಟೆಯ ಕೊನೆಗೂ ಅದೇ ಸೇತುವೆ, ಅದೇ ಡ್ರ್ಯಾಗನ್, ರಾಜಕುಮಾರಿ ಇನ್ನೊಂದು ಕೋಟೆಯಲ್ಲಿದ್ದಾಳೆ ಅನ್ನುವ ಅದೇ ಮಾತು. ಐದು, ಆರು, ಏಳನೇ ಲೋಕಗಳು ಸಪ್ಪೆ ಅಂತ ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

ಹಾಗಾದರೆ ಆಗ ಯಾಕೆ ಸಪ್ಪೆ ಅನ್ನಿಸಲಿಲ್ಲ? ನೀವು ಅಲ್ಲಿಗೆ ಹೋಗಲೇ ಇಲ್ಲ!

ನೆನಪು ಮಾಡಿಕೊಳ್ಳಿ. ಆ ಸೆಟ್‌ನಲ್ಲಿ ಈ ಆಟಕ್ಕೆ ಸೇವ್ ಇರಲಿಲ್ಲ. ಮೂರು ಲೈಫ್. ಅದು ಮುಗಿದರೆ ಮತ್ತೆ 1-1. ಎ ಬಟನ್ ಹಿಡಿದುಕೊಂಡು ಸ್ಟಾರ್ಟ್ ಒತ್ತಿದರೆ ಸತ್ತ ಲೋಕದ ಮೊದಲ ಸ್ಟೇಜಿನಿಂದ ಮುಂದುವರಿಸಬಹುದಿತ್ತು, ಆದರೆ ಅದನ್ನು ನಮಗೆ ಹೇಳಿಕೊಡುವವರು ಯಾರಿದ್ದರು? ಗೊತ್ತಿದ್ದವರಿಗೂ ಕರೆಂಟ್ ಹೋದರೆ ಅದೂ ಹೋಯಿತು. ಆಲ್ದೂರಿನ ಕಡೆ ಆಷಾಢದಲ್ಲಿ ಕರೆಂಟ್ ಹೇಗಿರುತ್ತಿತ್ತು ಅಂತ ನಾನು ನಿಮಗೆ ಹೇಳಬೇಕಾಗಿಲ್ಲ. ಎಲ್ಲೋ ತೋಟದ ನಡುವೆ ಸಿಲ್ವರ್ ಮರದ ಕೊಂಬೆ ಲೈನಿನ ಮೇಲೆ ಬಿದ್ದರೆ ಇಡೀ ಸಂಜೆ ಕತ್ತಲೆ. ಕರೆಂಟ್ ಬಂದ ಮೇಲೆ ಮತ್ತೆ 1-1.

ಅದರ ಮೇಲೆ ನೀವು ಎರಡನೇ ಪ್ಲೇಯರ್. ಈ ಆಟದಲ್ಲಿ ಇಬ್ಬರೂ ಒಟ್ಟಿಗೆ ಆಡುವ ಹಾಗಿಲ್ಲ. ಮೊದಲನೆಯವರು ಸತ್ತರೆ ಎರಡನೆಯವರಿಗೆ ಚಾನ್ಸ್. ಇಬ್ಬರ ದಾರಿಯೂ ಬೇರೆ ಬೇರೆ, ಇಬ್ಬರೂ 1-1ರಿಂದಲೇ ಶುರು ಮಾಡಬೇಕು. ಅಣ್ಣ ಮೂರನೇ ಲೋಕ ತಲುಪಿ ಸತ್ತಾಗ ನಿಮ್ಮ ಹಸಿರು ಮಾರಿಯೋ, ಅಂದರೆ ಲುಯಿಗಿ, ಇನ್ನೂ ಮೊದಲ ಪೈಪಿನ ಹತ್ತಿರ ನಿಂತಿರುತ್ತಿದ್ದ. ಚಾನ್ಸ್ ಸಿಕ್ಕಾಗ ನೀವು ಆಡಿದ್ದು ಹೆಚ್ಚುಕಡಿಮೆ 1-1, 1-2 ಅಷ್ಟೇ. ಉಳಿದದ್ದೆಲ್ಲ ಅಣ್ಣನ ಭುಜದ ಹಿಂದಿನಿಂದ ನೋಡಿದ್ದು. ಇನ್ನೊಬ್ಬರು ಆಡುವಾಗ ಆಟ ಯಾವಾಗಲೂ ಚೆನ್ನಾಗೇ ಕಾಣುತ್ತದೆ.

ಇದರಲ್ಲಿ ನಿಮಗೆ ನಷ್ಟವೇನೂ ಆಗಲಿಲ್ಲ. ಯಾಕೆಂದರೆ ಈ ಜಾತಿಯ ಆಟಗಳಲ್ಲಿ ಇವತ್ತಿಗೂ 1-1ರಷ್ಟು ಜಾಣ ಸ್ಟೇಜ್ ಸಿಗುವುದು ಕಷ್ಟ. ಒಂದು ಅಕ್ಷರದ ವಿವರಣೆ ಇಲ್ಲದೆ ಎಲ್ಲವನ್ನೂ ಕಲಿಸುತ್ತದೆ. ಮಾರಿಯೋ ಎಡಗಡೆ ನಿಂತಿರುತ್ತಾನೆ, ಬಲಗಡೆ ಖಾಲಿ. ಹಾಗಾಗಿ ಯಾರೂ ಹೇಳದೆಯೇ ಬಲಕ್ಕೆ ಹೋಗುತ್ತೀರಿ. ಎದುರಿಗೆ ಒಂದು ಗುಮ್ಮ ಬರುತ್ತದೆ. ಹಾರಲು ಗೊತ್ತಿಲ್ಲದಿದ್ದರೆ ಸಾಯುತ್ತೀರಿ, ಆದರೆ ಆಗಷ್ಟೇ ಶುರು ಆಗಿರುವುದರಿಂದ ಕಳೆದುಕೊಂಡದ್ದು ಮೂರು ಸೆಕೆಂಡು. ಮೇಲೆ ಹೊಳೆಯುವ ಪೆಟ್ಟಿಗೆ. ಗುದ್ದಿದರೆ ಅಣಬೆ ಹೊರಬಂದು ಬಲಕ್ಕೆ ಓಡುತ್ತದೆ. ಅದನ್ನೂ ಗುಮ್ಮ ಅಂದುಕೊಂಡು ಮಕ್ಕಳು ಹೆದರುತ್ತಾರೆ. ಅಷ್ಟರಲ್ಲಿ ಅದು ಮುಂದಿನ ಪೈಪಿಗೆ ಡಿಕ್ಕಿ ಹೊಡೆದು ನಿಮ್ಮ ಕಡೆಗೇ ತಿರುಗುತ್ತದೆ. ತಪ್ಪಿಸಿಕೊಳ್ಳುವುದು ಕಷ್ಟ. ಬೇಡ ಬೇಡ ಅಂದರೂ ಮೈಗೆ ತಾಗುತ್ತದೆ, ಮಾರಿಯೋ ದೊಡ್ಡವನಾಗುತ್ತಾನೆ. ಅಣಬೆ ಒಳ್ಳೆಯದು ಅಂತ ಗೊತ್ತಾಯಿತು. ಸ್ಟೇಜಿನ ಕೊನೆಯ ಕಡೆ ಎರಡು ಕಡೆ ಮೆಟ್ಟಿಲು ಸಾಲು ಬರುತ್ತದೆ, ಗಮನಿಸಿದ್ದೀರಾ? ಮೊದಲ ಜೋಡಿಯ ನಡುವೆ ಗಟ್ಟಿ ನೆಲ. ಬಿದ್ದರೆ ಹತ್ತಿ ಬರಬಹುದು. ಎರಡನೇ ಜೋಡಿ ಅದೇ ರೀತಿ, ನಡುವೆ ಮಾತ್ರ ಗುಂಡಿ. ಮೊದಲು ರಿಹರ್ಸಲ್, ಆಮೇಲೆ ನಿಜವಾದ ನಾಟಕ. ಒಳ್ಳೆಯ ಮೇಷ್ಟ್ರು ಹೀಗೇ ಪಾಠ ಮಾಡುತ್ತಾರೆ ಅಲ್ವಾ?

ಅಂದರೆ ಕರೆಂಟೂ ನಿಮ್ಮ ಅಣ್ಣಂದಿರೂ ಸೇರಿಕೊಂಡು, ಆಟದ ಅತ್ಯುತ್ತಮ ಎರಡು ಸ್ಟೇಜುಗಳನ್ನೇ ನಿಮ್ಮ ಕೈಲಿ ನೂರಾರು ಸಲ ಆಡಿಸಿದರು. ಸಪ್ಪೆ ಭಾಗವನ್ನು ಮುಚ್ಚಿಟ್ಟರು. ನಿಮ್ಮ ನೆನಪು ಸುಳ್ಳಲ್ಲ. ಅದು ಅರ್ಧ ಆಟದ ನೆನಪು, ಆ ಅರ್ಧ ನಿಜಕ್ಕೂ ಚೆನ್ನಾಗಿದೆ. ಈಗ ಸೇವ್ ಮಾಡಿಕೊಂಡು ಒಂದೊಂದನ್ನೂ ಒಂದೇ ಸಲ ನೋಡುತ್ತ ನೇರ ಕೊನೆಗೆ ಹೋದಿರಿ. 32ರಲ್ಲಿ ಹೆಚ್ಚುಕಡಿಮೆ 30ನ್ನು ಮೊದಲ ಸಲ ನಿಮ್ಮ ಕೈಯಾರೆ ಆಡಿದಿರಿ. ಅವುಗಳಲ್ಲಿ ಎಷ್ಟೋ ಸಾಧಾರಣ.

ಇದನ್ನು ಆಗಲೇ ಅರ್ಥ ಮಾಡಿಕೊಂಡವರೂ ಇದ್ದರು. ಪ್ರತಿ ಬೀದಿಯಲ್ಲೂ ಒಬ್ಬ ಅಣ್ಣ ಇರುತ್ತಿದ್ದ, 1-2ರಲ್ಲಿ ಛಾವಣಿಯ ಮೇಲೆ ಹತ್ತಿ ಓಡಿ, ಕೊನೆಯ ಗುಟ್ಟಿನ ಪೈಪುಗಳಿಂದ ನೇರ ನಾಲ್ಕನೇ ಲೋಕಕ್ಕೆ ಹಾರುವವನು. ಅಲ್ಲಿ 4-2ರಲ್ಲಿ ಬಳ್ಳಿ ಹತ್ತಿ ಮತ್ತೆ ನೇರ ಎಂಟನೇ ಲೋಕ. ಈ ದಾರಿಯಲ್ಲಿ ಹೋದರೆ ಆಡಬೇಕಾದದ್ದು ಎಂಟೇ ಸ್ಟೇಜ್. ನಕಲು ಸ್ಟೇಜುಗಳೆಲ್ಲ ಇರುವುದು ಐದರಿಂದ ಏಳನೇ ಲೋಕದಲ್ಲಿ, ಒಂದೂ ಅಡ್ಡ ಬರುವುದಿಲ್ಲ. ನಾವು ಅವನನ್ನು ಮೋಸಗಾರ ಅನ್ನುತ್ತಿದ್ದೆವು. ಈಗ ನೋಡಿದರೆ ಈ ಆಟವನ್ನು ಆಡಬೇಕಾದ ಸರಿಯಾದ ರೀತಿ ಅವನದೇ.

ಸೇವ್ ಬಗ್ಗೆ ಇನ್ನೊಂದು ಮಾತು. ಇದಕ್ಕೆ ಬೈಸಿಕೊಳ್ಳಲೂ ಸಿದ್ಧ. ಈ ಆಟವನ್ನು ಸೇವ್ ಮಾಡಿಕೊಂಡು ಆಡುವುದು ಅಂದರೆ ಉಪ್ಪಿನಕಾಯಿಯನ್ನು ತೊಳೆದು ತಿಂದ ಹಾಗೆ. ಒಂದೇ ಲೈಫ್ ಉಳಿದಿದೆ, ಹೊರಗೆ ಗುಡುಗುತ್ತಿದೆ, ಹಿಂದೆ ನಾಲ್ಕು ಜನ ಉಸಿರು ಬಿಗಿ ಹಿಡಿದಿದ್ದಾರೆ. ಆಗ ಆ ಗುಂಡಿ ಗುಂಡಿಯೇ. ಸತ್ತರೆ ಎರಡು ಸೆಕೆಂಡು ಹಿಂದಕ್ಕೆ ಹೋಗಬಹುದು ಅಂದಾಗ ಅದು ಬರೀ ಕಪ್ಪು ಬಣ್ಣ.

ನಿಮ್ಮ ಮಗನ ಪ್ರಶ್ನೆಗೆ ಉತ್ತರ ಕೊಡದಿದ್ದರೆ ತಪ್ಪಾಗುತ್ತದೆ, ಒಳ್ಳೆಯ ಪ್ರಶ್ನೆ ಅದು. ಇಲ್ಲ, ಹಿಂದಕ್ಕೆ ಹೋಗುವುದಿಲ್ಲ. ಆ ಯಂತ್ರಕ್ಕೆ ಕೆಲಸ ಮಾಡಲು ಇದ್ದ ಮೆಮೊರಿ ಎರಡೇ ಕಿಲೋಬೈಟ್. ಆಟವು ಸ್ಟೇಜಿನ ನಕ್ಷೆಯನ್ನು ಚಾಪೆ ಬಿಚ್ಚಿದ ಹಾಗೆ ಮುಂದೆ ಮುಂದೆ ಬಿಚ್ಚುತ್ತ ಹೋಗುತ್ತದೆ, ಹಿಂದಿನದನ್ನು ಮರೆಯುತ್ತ ಹೋಗುತ್ತದೆ. ಎಲ್ಲಿ ಯಾವ ಇಟ್ಟಿಗೆ ಒಡೆದಿರಿ ಅಂತ ನೆನಪಿಟ್ಟುಕೊಳ್ಳಲು ಅದಕ್ಕೆ ಜಾಗವಿಲ್ಲ. 1988ರಲ್ಲಿ ಬಂದ ಸೂಪರ್ ಮಾರಿಯೋ ಬ್ರದರ್ಸ್ 3ರಲ್ಲಿ ಹಿಂದಕ್ಕೂ ಹೋಗಬಹುದು. ಮಗನಿಗೆ ಅದನ್ನು ಹಾಕಿಕೊಡಿ, ನಿಮ್ಮ ಸ್ಟಿಕ್‌ನಲ್ಲೇ ಇರುವ ಸಾಧ್ಯತೆ ಜಾಸ್ತಿ. ಅದು ಇವತ್ತಿಗೂ ನಿಲ್ಲುವ ಆಟ, ಮೊದಲಿನಿಂದ ಕೊನೆಯವರೆಗೂ. ನನ್ನ ಲೆಕ್ಕದಲ್ಲಿ 1985ರದ್ದು ದೊಡ್ಡ ಹೆಜ್ಜೆ, 1988ರದ್ದು ದೊಡ್ಡ ಆಟ.

ಎಲ್ಲ ಹಳೆಯ ಆಟಕ್ಕೂ ನಾನು ಹೀಗೆ ವಕಾಲತ್ತು ಹಾಕುತ್ತೇನೆ ಅಂದುಕೊಳ್ಳಬೇಡಿ. ಕಂಪ್ಯೂಟರ್ ಕ್ಲಾಸಿನಲ್ಲಿ ಮೇಷ್ಟ್ರು ಆಚೆ ಹೋದಾಗ ಆಡುತ್ತಿದ್ದ ಡೇಂಜರಸ್ ಡೇವ್ ನೆನಪಿದೆಯಾ? ಕೆಂಪು ಟೋಪಿಯ ಹುಡುಗ, ಹತ್ತು ಹಂತ. ಜಾನ್ ರೊಮೆರೋ ಬರೆದದ್ದು. ಮೊನ್ನೆ ಮತ್ತೆ ಆಡಿದೆ, ಹತ್ತು ನಿಮಿಷ ತಡೆದುಕೊಳ್ಳಲು ಆಗಲಿಲ್ಲ. ಪರದೆ ನಯವಾಗಿ ಸರಿಯುವುದೇ ಇಲ್ಲ, ಅಂಚಿಗೆ ಬಂದಾಗ ದಢಕ್ಕನೆ ಒಂದು ಸಲ ಜರುಗುತ್ತದೆ. ಆಗಿನ ಪಿಸಿಗಳಲ್ಲಿ ಮಾರಿಯೋನ ಹಾಗೆ ಪರದೆ ಸರಿಸುವುದು ಅಷ್ಟು ಕಷ್ಟವಾಗಿತ್ತು. 1990ರ ಸೆಪ್ಟೆಂಬರ್‌ನಲ್ಲಿ ರೊಮೆರೋನ ಜೊತೆ ಕೆಲಸ ಮಾಡುತ್ತಿದ್ದ ಜಾನ್ ಕಾರ್ಮ್ಯಾಕ್ ಅದಕ್ಕೊಂದು ಉಪಾಯ ಕಂಡುಹಿಡಿದ. ಟಾಮ್ ಹಾಲ್ ಜೊತೆ ಸೇರಿ ಒಂದೇ ರಾತ್ರಿಯಲ್ಲಿ ಸೂಪರ್ ಮಾರಿಯೋ ಬ್ರದರ್ಸ್ 3ರ ಮೊದಲ ಸ್ಟೇಜನ್ನು ಪಿಸಿಯಲ್ಲಿ ಕಟ್ಟಿ, ಮಾರಿಯೋನ ಜಾಗದಲ್ಲಿ ಇದೇ ಡೇವ್‌ನನ್ನು ನಿಲ್ಲಿಸಿದ. ಬೆಳಿಗ್ಗೆ ಅದನ್ನು ನೋಡಿ ರೊಮೆರೋ ದಂಗಾದ. ಅದೇ ಗುಂಪು ಮುಂದೆ ಐಡಿ ಸಾಫ್ಟ್‌ವೇರ್ ಕಟ್ಟಿ 1993ರಲ್ಲಿ ಡೂಮ್ ಅನ್ನುವ ಹೆಸರಾಂತ ಆಟ ತಂದಿತು. ಡೇವ್‌ನ ಕಥೆ ಚೆನ್ನಾಗಿದೆ, ಡೇವ್‌ನ ಆಟ ಚೆನ್ನಾಗಿಲ್ಲ.

ಈಗ ಕೈಯಾರೆ ಮಾಡಬೇಕಾದ್ದು. ಮೊದಲು ಟಿವಿಯಲ್ಲಿ ಗೇಮ್ ಮೋಡ್. ಆಗಿನ ವೇಗವೇ ಬೇಕು ಅಂದರೆ ಆ ಸ್ಟಿಕ್ ಬಿಟ್ಟು ಲ್ಯಾಪ್‌ಟಾಪ್‌ನಲ್ಲಿ ಎಮ್ಯುಲೇಟರ್, ಅಂದರೆ ಹಳೆಯ ಯಂತ್ರದ ಹಾಗೇ ನಡೆದುಕೊಳ್ಳುವ ಸಾಫ್ಟ್‌ವೇರ್ ಬಳಸಿ, ವೈರ್ ಇರುವ ಜಾಯ್‌ಸ್ಟಿಕ್ ಹಾಕಿ. ಮೆಸೆನ್ ಥರದ ಒಳ್ಳೆಯ ಎಮ್ಯುಲೇಟರ್‌ಗಳಲ್ಲಿ ರೀಜನ್ ಆರಿಸುವ ಕಡೆ ಡೆಂಡಿ ಅಂತ ಒಂದು ಆಯ್ಕೆ ಇರುತ್ತದೆ. ಡೆಂಡಿ ಅನ್ನುವುದು 1992ರಿಂದ ರಷ್ಯಾದಲ್ಲಿ ಮಾರಾಟವಾದ ಫ್ಯಾಮಿಕಾಮ್ ನಕಲು. ನಮ್ಮ ನಕಲುಗಳ ಹಾಗೇ 50ರದು. ಅದನ್ನು ಆರಿಸಿದ ಕೂಡಲೇ ಹಾಡು ಅಜ್ಜನ ಮನೆಗೆ ವಾಪಸ್ ಬರುತ್ತದೆ. ಸೇವ್ ಮುಟ್ಟಬೇಡಿ. ಮಗನನ್ನು ಒಂದನೇ ಪ್ಲೇಯರ್ ಮಾಡಿ. ನಿಮಗೆ ಹಸಿರೇ ಅಭ್ಯಾಸ ತಾನೆ.

ಅಟ್ಟದ ಸೆಟ್ ವಿಷಯಕ್ಕೆ ಬಂದರೆ, ನೇರವಾಗಿ ಪ್ಲಗ್ಗಿಗೆ ಹಾಕಬೇಡಿ. ಮಲೆನಾಡಿನ ತೇವದಲ್ಲಿ ಇಷ್ಟು ವರ್ಷ ಇದ್ದದ್ದು. ಮೊದಲ ಅನುಮಾನ ಅಡಾಪ್ಟರ್ ಮೇಲೆ. ಅಸಲಿ ಫ್ಯಾಮಿಕಾಮ್‌ಗೆ ಪಿನ್ನಿನ ನಡುವೆ ಮೈನಸ್ ಇರುತ್ತದೆ, ಈಗಿನ ಅಡಾಪ್ಟರ್‌ಗಳಲ್ಲಿ ಸಾಮಾನ್ಯವಾಗಿ ನಡುವೆ ಪ್ಲಸ್. ನಕಲು ಸೆಟ್‌ಗಳಲ್ಲಿ ಎರಡೂ ಥರ ನೋಡಿದ್ದೇನೆ. ಮನೆಯಲ್ಲಿ ಬಿದ್ದಿದ್ದ ಯಾವುದೋ ಅಡಾಪ್ಟರ್ ಸಿಕ್ಕಿಸಿ ಸುಟ್ಟುಕೊಂಡು ಬಂದವರನ್ನು ತಿಂಗಳಿಗೊಬ್ಬರನ್ನಾದರೂ ನೋಡುತ್ತೇನೆ. ಕ್ಯಾಸೆಟ್ಟಿನ ತಾಮ್ರದ ಹಲ್ಲುಗಳಿಗೆ ಕಿಲುಬು ಹಿಡಿದಿರುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್ ಹತ್ತಿಗೆ ಹಾಕಿ ಮೆತ್ತಗೆ ಒರೆಸಿ. ಆಗಿನ ಹಾಗೆ ಬಾಯಿಂದ ಊದಬೇಡಿ. ಉಸಿರಿನ ತೇವದಿಂದ ಕಿಲುಬು ಜಾಸ್ತಿಯಾಗುತ್ತದೆ. ಆಗ ಊದಿದ ಮೇಲೆ ಆಟ ಬರುತ್ತಿತ್ತಲ್ಲ ಅಂದರೆ, ಬರುತ್ತಿದ್ದದ್ದು ಊದಿದ್ದಕ್ಕಲ್ಲ, ತೆಗೆದು ಮತ್ತೆ ಹಾಕಿದ್ದಕ್ಕೆ.

ಕ್ಯಾಸೆಟ್ ಮೇಲೆ 9999 ಗೇಮ್ ಅಂತ ಬರೆದಿದ್ದರೆ ನಂಬಬೇಡಿ. ನಾನೂ ಹುಡುಗನಾಗಿದ್ದಾಗ ಬೆಂಗಳೂರಿನ ಒಂದು ಅಂಗಡಿಯಿಂದ 500 ಆಟದ ಕ್ಯಾಸೆಟ್ ತಂದು ರಾತ್ರಿಯಿಡೀ ಎಣಿಸಿದೆ. ಒಟ್ಟು ಏಳು ಆಟ. ಉಳಿದದ್ದೆಲ್ಲ ಅದೇ ಆಟವನ್ನು ಬೇರೆ ಬೇರೆ ಸ್ಟೇಜಿನಿಂದ ಶುರು ಮಾಡಿ ಬೇರೆ ಹೆಸರು ಇಟ್ಟದ್ದು. ನಿಮ್ಮದೂ ಅಂಥದ್ದೇ ಆಗಿದ್ದರೆ, ಅದರ ಪಟ್ಟಿಯಲ್ಲಿ ಮಾರಿಯೋ ನಾಲ್ಕೈದು ಹೆಸರಲ್ಲಿ ಇರಬಹುದು. ಬೇರೆಲ್ಲ ಬಿಟ್ಟು 1-1ರಿಂದ ಶುರುವಾಗುವುದನ್ನು ಹುಡುಕಿ. ಬಾತುಕೋಳಿ ಹೊಡೆಯುವ ಗನ್ ಕೂಡ ಸಿಕ್ಕರೆ ಅದು ಎಲ್‌ಇಡಿ ಟಿವಿಯಲ್ಲಿ ಕೆಲಸ ಮಾಡುವುದಿಲ್ಲ, ಅದಕ್ಕೆ ಟ್ಯೂಬ್ ಟಿವಿಯೇ ಬೇಕು.

ನನ್ನ ಅಂಗಡಿಯಲ್ಲಿ ಒಂದು ಟ್ಯೂಬ್ ಟಿವಿ ಇನ್ನೂ ಚೆನ್ನಾಗಿ ಓಡುತ್ತಿದೆ. ಹಾಸನದ ಕಡೆ ಬರುವುದಿದ್ದರೆ ಸೆಟ್ ತನ್ನಿ, ಬಿಚ್ಚಿ ನೋಡೋಣ. ಬರುವಾಗ ಅದರ ಜೊತೆಗೇ ಬಂದಿದ್ದ ಅಡಾಪ್ಟರ್ ಮರೆಯಬೇಡಿ. ಎರಡನೇ ಜಾಯ್‌ಸ್ಟಿಕ್ ಕೂಡ.